ಗುರಿ ಮುಟ್ಟಿದರೆ ಸಾಲದು, ಲೆಕ್ಕಕ್ಕೆ ಸೇರಬೇಕು

ಹೊಳಲ್ಕೆರೆ, ಹೊಸದುರ್ಗದ ತೋಟಗಳ ಕಡೆ ಬಂದೂಕು ಅಂದರೆ ಹಂದಿ ಕಾಟದಿಂದ ಬೆಳೆ ಕಾಯುವ ಲೈಸೆನ್ಸ್ ಕೋವಿ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಬರಬೇಕಾದ ವಸ್ತು. ಅದೇ ಗುರಿಗಾರಿಕೆಗೆ ಕ್ರೀಡೆಯ ಮುಖವೂ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಆರು ಪದಕಗಳಲ್ಲಿ ಮೂರು ಶೂಟಿಂಗ್‌ನವು. ನಮ್ಮವರೇ ಆದ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ಏರ್ ಪಿಸ್ತೂಲ್‌ನಲ್ಲಿ ಬೆಳ್ಳಿ ಗೆದ್ದರು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಟಿ.ಎಸ್. ದಿವ್ಯಾ ತಂಡ ವಿಭಾಗದ ಬೆಳ್ಳಿ ತಂದರು.

ಈ ಕ್ರೀಡೆ ಕಲಿಸುವ ಶೂಟಿಂಗ್ ಕ್ಲಬ್ ಒಂದನ್ನು ಚಿತ್ರದುರ್ಗದಲ್ಲೋ ಹಿರಿಯೂರಿನಲ್ಲೋ ಕಟ್ಟಲು ಕೋಟೆಯಷ್ಟು ಜಾಗ ಬೇಕಿಲ್ಲ. ಹತ್ತು ಮೀಟರ್ ಏರ್ ರೈಫಲ್‌ಗೆ ಒಂದು ಉದ್ದನೆಯ ಹಾಲ್, ಒಳ್ಳೆಯ ಬೆಳಕು, ಗುಂಡು ತಡೆಯುವ ಗಟ್ಟಿ ಹಿಂಬದಿ ಇದ್ದರೆ ಆರಂಭಿಸಬಹುದು. ನಳಿಕೆ 4.5 ಮಿ.ಮೀ. ಒಳಗಿದ್ದು, ಶಕ್ತಿ 20 ಜೂಲ್ ಮೀರದ ಏರ್‌ಗನ್‌ಗೆ ಲೈಸೆನ್ಸ್ ಕೂಡ ಬೇಡ. ಆದರೆ ಆಟ ಸುಲಭದ್ದಲ್ಲ. ರೈಫಲ್ ಗುರಿಹಲಗೆಯ ನಡುವಿನ ಹತ್ತರ ಚುಕ್ಕೆಯ ಅಗಲ ಬರೀ ಅರ್ಧ ಮಿ.ಮೀ.; ಪೆಲೆಟ್ ಅದಕ್ಕಿಂತ ಒಂಬತ್ತು ಪಟ್ಟು ದಪ್ಪ. ಒಂದೊಂದು ಹೊಡೆತವನ್ನೂ ದಶಮಾಂಶದಲ್ಲಿ ಅಳೆಯುತ್ತಾರೆ. ನಟ್ಟನಡುವೆ ಬಿದ್ದರೆ 10.9. ಅರವತ್ತು ಹೊಡೆತಕ್ಕೆ ಗರಿಷ್ಠ 654. ಉಸಿರನ್ನು ಅರ್ಧಕ್ಕೆ ಹಿಡಿದು, ಟ್ರಿಗರನ್ನು ಎಳೆಯದೆ ಮೆಲ್ಲಗೆ ಒತ್ತುತ್ತ ಹೋಗುವ ಹುಡುಗಿಯನ್ನು ನೋಡಿದರೆ ಇದು ತೋಳ್ಬಲದ ಆಟವಲ್ಲವೆಂದು ಗೊತ್ತಾಗುತ್ತದೆ.

ಕ್ಲಬ್ ಕಟ್ಟುವವರ ಮುಂದೆ ಮೊದಲೇ ಬರುವ ಪ್ರಶ್ನೆ: ರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ಬೇಕೇ? 1951ರಲ್ಲಿ ಶುರುವಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆ, ಅಂದರೆ ಎನ್‌ಆರ್‌ಎಐಗೆ, ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಸ್ಥಾಪಕ ಅಧ್ಯಕ್ಷರು. ನಮ್ಮಲ್ಲಿ ಅದರ ಕೊಂಡಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ. ಶುಲ್ಕ, ಕಾಗದಪತ್ರ, ಬೆಂಗಳೂರಿಗೆ ಓಡಾಟ, ರೇಂಜ್ ಹೀಗೆಯೇ ಇರಬೇಕೆಂಬ ಕಟ್ಟಳೆ, ಇವೆಲ್ಲ ಚಿಕ್ಕ ಊರಿನ ಕ್ಲಬ್ಬಿಗೆ ಭಾರವೇ ಸರಿ. ಮನರಂಜನೆಗಷ್ಟೇ ಗುರಿ ಹೊಡೆಯುವವರಿಗೆ ಇದರ ಗೊಡವೆ ಬೇಡ. ಕೊಡಗಿನ ಕೈಲ್ ಪೊಳ್ದ್ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಯಾವ ಮಾನ್ಯತೆಯನ್ನೂ ಕೇಳದೆ ನಡೆಯುತ್ತವೆ, ಚೆನ್ನಾಗಿಯೇ ನಡೆಯುತ್ತವೆ.

ಮಕ್ಕಳಿಗೆ ಕಲಿಸುವ ಕ್ಲಬ್ಬಿನ ಮಾತು ಬೇರೆ. ಅದು ರಾಜ್ಯ ಸಂಸ್ಥೆಯ ಮೂಲಕ ಮಾನ್ಯತೆ ಪಡೆಯಲೇಬೇಕು ಎಂಬುದು ನನ್ನ ದೃಢ ನಿಲುವು. ಹೊಸದುರ್ಗದ ಹುಡುಗನೊಬ್ಬ ತನ್ನ ಹಾಲ್‌ನಲ್ಲಿ 620 ಹೊಡೆದರೂ ಮಾನ್ಯತೆ ಪಡೆದ ಪಂದ್ಯದ ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಎಲ್ಲೂ ಲೆಕ್ಕಕ್ಕಿಲ್ಲ. ರಾಜ್ಯ ಚಾಂಪಿಯನ್‌ಷಿಪ್, ಆಮೇಲೆ ಮಾವಳಂಕರ್ ಹೆಸರಿನ ಅರ್ಹತಾ ಪಂದ್ಯ, ಆಮೇಲೆ ರಾಷ್ಟ್ರೀಯ ಕೂಟ, ಮೆಟ್ಟಿಲುಗಳೆಲ್ಲ ಸಂಸ್ಥೆಯವೇ. ರೈಫಲ್ ಒಂದರ ಬೆಲೆ ಲಕ್ಷ ದಾಟುತ್ತದೆ. ಆಮದಿನ ಅನುಕೂಲಗಳು ದೊರೆಯುವುದು ರಾಷ್ಟ್ರೀಯ ಕೂಟದಲ್ಲಿ ನಿಗದಿತ ಅಂಕ ಗಳಿಸಿ ‘ಖ್ಯಾತ ಶೂಟರ್’ ಎನಿಸಿಕೊಂಡವರಿಗೆ. ಮುಂದೆ ಪಾಯಿಂಟ್ ಟೂಟೂ ರೈಫಲ್‌ಗೆ ಏರುವಾಗ ಶಸ್ತ್ರಾಸ್ತ್ರ ಕಾಯ್ದೆ ಎದುರಾಗುತ್ತದೆ. ಹಿಂದೆ ಸಂಸ್ಥೆಯಿಲ್ಲದ ಕ್ಲಬ್ ಆಗ ಜಿಲ್ಲಾಧಿಕಾರಿ ಕಚೇರಿಯಲ್ಲಿ ಏನು ಹೇಳೀತು?

ಸುರಕ್ಷತೆಯ ವಿಷಯವನ್ನಂತೂ ತೇಲಿಸಲಾಗದು. ಗುರಿಹಲಗೆಯ ಬಳಿ ಯಾರಾದರೂ ಹೋಗುವ ಮುನ್ನ ಎಲ್ಲ ರೈಫಲ್‌ಗಳೂ ಖಾಲಿಯಾಗಿ ಕೆಳಗಿರಬೇಕು, ನಳಿಕೆಯಲ್ಲಿ ಬಣ್ಣದ ಸುರಕ್ಷಾ ದಾರ ಕಾಣಬೇಕು. ಇದನ್ನು ದಿನವೂ ಮುಲಾಜಿಲ್ಲದೆ ಪಾಲಿಸುವ ರೇಂಜ್ ಅಧಿಕಾರಿ ಬೇಕು. ಮಾನ್ಯತೆಗೆ ಅರ್ಜಿ ಹಾಕುವ ದಿನವೇ ಕ್ಲಬ್ಬಿನ ಇಬ್ಬರನ್ನು ತರಬೇತುದಾರರ, ತೀರ್ಪುಗಾರರ ಶಿಬಿರಕ್ಕೆ ಕಳಿಸುವ ಏರ್ಪಾಟೂ ಆಗಲಿ. ಸರ್ಟಿಫಿಕೇಟ್ ಗೋಡೆಗೆ ತೂಗುಹಾಕುವುದು ಆಮೇಲಿನ ಮಾತು.