ಕೈಗಾದ ಕರೆಂಟು: ಲಾಭವೆಷ್ಟು, ತೊಡಕೆಷ್ಟು?

ನಮ್ಮ ಶಾಗ್ಯದ ಕಡೆ ನಾಲ್ಕು ಜನ ರೈತರು ಸೇರಿದರೆ ಮಾತು ತ್ರೀ ಫೇಸಿಗೇ ಬಂದು ನಿಲ್ಲುತ್ತದೆ. ರಾತ್ರಿ ಕರೆಂಟು ಕೊಟ್ಟರೆ ಆನೆ ಭಯದಲ್ಲೇ ಪಂಪ್ ಹಾಕಲು ಹೋಗಬೇಕು. 'ಇನ್ನೆರಡು ಅಣು ಸ್ಥಾವರ ಕಟ್ಟಿದರೆ ಈ ತಾಪತ್ರಯ ಇರೋದಿಲ್ಲ' ಅನ್ನುವವರಿದ್ದಾರೆ. ಹೌದೇ? ನಮ್ಮ ರಾಜ್ಯದ್ದೇ ಆದ ಕೈಗಾವನ್ನು ಇಟ್ಟುಕೊಂಡು ಲೆಕ್ಕ ಹಾಕೋಣ.

ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿ ದಂಡೆಯಲ್ಲಿ, ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ಶುರುವಾದವು. ನೀರು ಕಾಯಿಸಿ, ಹಬೆಯಿಂದ ಟರ್ಬೈನ್ ತಿರುಗಿಸುವುದೇ ಕೆಲಸ. ಒಲೆಗೆ ಕಲ್ಲಿದ್ದಲಿನ ಬದಲು ಯುರೇನಿಯಂ, ಅಷ್ಟೇ.

ಲಾಭ

5 ಎಚ್‌ಪಿ ಪಂಪಿಗೆ ಸುಮಾರು 4 ಕಿಲೋವಾಟ್ ಅಂತ ಹಿಡಿದರೆ, ಒಂದು ಘಟಕ 50 ಸಾವಿರಕ್ಕೂ ಹೆಚ್ಚು ಪಂಪ್ ಓಡಿಸಬಲ್ಲದು. ರಾಯಚೂರಿನ ಸ್ಥಾವರಕ್ಕೆ ಬೇಕಾಗುವಂತೆ ರೈಲುಗಟ್ಟಲೆ ಕಲ್ಲಿದ್ದಲು ಬೇಡ. ಹೊಗೆಯಿಲ್ಲ, ಬೂದಿಯಿಲ್ಲ. ಕೈಗಾದ ಮೊದಲ ಘಟಕ 2016ರ ಮೇಯಿಂದ 2018ರ ಡಿಸೆಂಬರ್‌ವರೆಗೆ 962 ದಿನ ಒಂದೇ ಸಮನೆ ಓಡಿತು.

ತೊಡಕು

ಉರಿದ ಇಂಧನದ ವಿಷ ಬೇಗ ಆರುವುದಿಲ್ಲ. ಅದರಲ್ಲಿನ ಪ್ಲುಟೋನಿಯಂ ಅರ್ಧಕ್ಕಿಳಿಯಲು 24 ಸಾವಿರ ವರ್ಷ ಬೇಕು. 1986ರಲ್ಲಿ ಚೆರ್ನೋಬಿಲ್, 2011ರಲ್ಲಿ ಫುಕುಶಿಮಾ ದುರಂತವಾದಾಗ ರೈತರು ಹೊಲ, ದನ ಬಿಟ್ಟು ಊರು ತೊರೆಯಬೇಕಾಯಿತು. ಕೈಗಾದಲ್ಲೂ 1994ರಲ್ಲಿ, ಕಟ್ಟುತ್ತಿದ್ದಾಗಲೇ, ಗುಮ್ಮಟದ ಕಾಂಕ್ರೀಟ್ ಕುಸಿದಿತ್ತು. ಆಗ ಇಂಧನ ತುಂಬಿರಲಿಲ್ಲ, ಬಚಾವಾಯಿತು. 2009ರಲ್ಲಿ ಕುಡಿಯುವ ನೀರಿಗೆ ಟ್ರಿಟಿಯಂ ಬೆರೆತು ಕಾರ್ಮಿಕರಿಗೆ ತೊಂದರೆಯಾಯಿತು. ಡಾ. ಶಿವರಾಮ ಕಾರಂತರು ಈ ಯೋಜನೆಯನ್ನು ವಿರೋಧಿಸಿದ್ದು ಸುಮ್ಮನೆ ಅಲ್ಲ.

ನಮಗೇನು?

ಮೊದಲ ಘಟಕದ ಕೆಲಸ ಶುರುವಾದದ್ದು 1989ರಲ್ಲಿ. ಕರೆಂಟು ಕೊಡಲು ಹನ್ನೊಂದು ವರ್ಷ ಹಿಡಿಯಿತು. ಅಣು ಸ್ಥಾವರವನ್ನು ಪಂಪಿನಂತೆ ಬೇಕೆಂದಾಗ ನಿಲ್ಲಿಸಿ, ಬೇಕೆಂದಾಗ ಹಾಕಲು ಬರುವುದಿಲ್ಲ. ರಾತ್ರಿಯೂ ಅಷ್ಟೇ ಉತ್ಪಾದನೆ. ರಾತ್ರಿ ಉಳಿದ ಕರೆಂಟನ್ನು ರೈತರಿಗೆ ತಳ್ಳಿದರೆ ಆನೆ ಎದುರಿಗೆ ಹೋಗುವವರು ನಾವೇ ತಾನೆ?

ನಮ್ಮ ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ತಯಾರಾಯಿತು. ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಹಾಗಾಗಿ ಎಷ್ಟು ಮೆಗಾವಾಟು ಅನ್ನುವುದರ ಜತೆಗೆ ಯಾರಿಗೆ, ಯಾವ ಹೊತ್ತಿಗೆ ಅಂತಲೂ ಕೇಳಬೇಕು.

ಇರುವ ಕೈಗಾ ಜೋಪಾನವಾಗಿ ಓಡಲಿ, ನನ್ನ ತಕರಾರಿಲ್ಲ. ಆದರೆ ಪಂಪ್‌ಸೆಟ್ಟಿಗೆ ಸೋಲಾರೇ ಸರಿ ಅಂತ ನನ್ನ ಅನಿಸಿಕೆ. ಬಿಸಿಲಿದ್ದಾಗ ಕರೆಂಟು, ಹಗಲಲ್ಲೇ ನೀರು. ಪಂಪ್‌ಸೆಟ್ ಫೀಡರಿಗೆ ಸೋಲಾರ್ ಜೋಡಿಸುವ ಕುಸುಮ್ ಯೋಜನೆ ಇದೆ. ನಿಮ್ಮ ಫೀಡರು ಅದರಲ್ಲಿದೆಯೇ ಅಂತ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ. ಒಬ್ಬೊಬ್ಬರೇ ಹೋಗುವುದಕ್ಕಿಂತ ಒಂದು ಫೀಡರಿನವರೆಲ್ಲ ಒಟ್ಟಾಗಿ ಅರ್ಜಿ ಕೊಡುವುದು ಒಳ್ಳೆಯದು.