ಬ್ರಿಟನ್: ವೇತನ ತೆರಿಗೆಗೆ ಡೈರೆಕ್ಟ್ ಡೆಬಿಟ್, ಆನ್‌ಲೈನ್ ಬಾರದವರ ಗತಿಯೇನು?

ಬ್ರಿಟನ್‌ನಲ್ಲೂ ನಮ್ಮ ಟಿಡಿಎಸ್‌ನಂತೆ ನೌಕರರ ಸಂಬಳದಿಂದ ಕಡಿತಗೊಳಿಸಿದ ತೆರಿಗೆಯನ್ನು ಉದ್ಯೋಗದಾತರೇ ಸರ್ಕಾರಕ್ಕೆ ಕಟ್ಟಬೇಕು. 2022ರ ಸೆಪ್ಟೆಂಬರ್‌ನಿಂದ ಆನ್‌ಲೈನ್‌ನಲ್ಲಿ ಒಮ್ಮೆ ಡೈರೆಕ್ಟ್ ಡೆಬಿಟ್ ನೋಂದಾಯಿಸಿದರೆ ಸಾಕು, ಪ್ರತಿ ಬಾರಿಯ ಬಾಕಿ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ.

ಅನುಕೂಲವೇನೋ ಸರಿ. ಆದರೆ ಉದ್ಯೋಗದಾತ ಎಂದರೆ ಕಂಪನಿಯೇ ಆಗಬೇಕಿಲ್ಲ. ಮನೆಯಲ್ಲಿ ಆರೈಕೆಗೆ ಸಹಾಯಕರನ್ನು ನೇಮಿಸಿಕೊಂಡ ವಿಕಲಚೇತನರು, ವೃದ್ಧರೂ ಉದ್ಯೋಗದಾತರೇ. ಧಾರ್ಮಿಕ ನಂಬಿಕೆಯಿಂದ ಕಂಪ್ಯೂಟರ್ ಬಳಸದವರೂ ಇದ್ದಾರೆ. ಇಂಥವರಿಗೆ ವೇತನ ಲೆಕ್ಕವನ್ನು ಕಾಗದದಲ್ಲೇ ಸಲ್ಲಿಸಲು ವಿನಾಯಿತಿ ಇದೆ. ಹೊಸ ಸೌಲಭ್ಯ ತರುವಾಗ ಇವರನ್ನೂ ಗಮನದಲ್ಲಿಡಬೇಕು ಎನ್ನುತ್ತದೆ 2010ರ ಸಮಾನತಾ ಕಾಯ್ದೆ.

ಡೈರೆಕ್ಟ್ ಡೆಬಿಟ್ ಕಡ್ಡಾಯವಲ್ಲ, ಸಣ್ಣ ಉದ್ಯೋಗದಾತರು ಚೆಕ್ ಕಳುಹಿಸಬಹುದು. ಆದರೆ ಎಲೆಕ್ಟ್ರಾನಿಕ್ ಪಾವತಿಗೆ 22ನೇ ತಾರೀಖಿನವರೆಗೆ ಸಮಯ, ಚೆಕ್ ಮಾತ್ರ 19ರೊಳಗೇ ತಲುಪಬೇಕು.