ಚರ್ಚಿನ ಹಿತ್ತಿಲ ಸಂಜೆ ಶಾಲೆ

ಐದು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಹುಬ್ಬಳ್ಳಿಯ ಹಳೆಯ ಓಣಿಯೊಂದರಲ್ಲಿರುವ ಚರ್ಚಿನ ಗೇಟು ಬಿಡುವಿಲ್ಲದೆ ಕಿರ್ರೆನ್ನುತ್ತಿದೆ. ಪ್ರಾರ್ಥನಾಲಯದ ದೊಡ್ಡ ಬಾಗಿಲಿಗೆ ಬೀಗ ಬಿದ್ದಿದೆ. ಮಕ್ಕಳು ಅದರ ಕಡೆ ತಿರುಗಿಯೂ ನೋಡದೆ ಬೇವಿನ ಮರ ಬಳಸಿಕೊಂಡು ಹಿಂದಿನ ಹಾಲಿಗೆ ಓಡುತ್ತಾರೆ. ಕೆಲವರು ಇನ್ನೂ ಶಾಲೆಯ ನೀಲಿ ಸಮವಸ್ತ್ರದಲ್ಲೇ ಇದ್ದಾರೆ. ಒಬ್ಬಳ ಸೊಂಟದ ಮೇಲೆ ತಮ್ಮ, ಕೈಯಲ್ಲಿ ಪಾಟಿಚೀಲ. ಹಾಲಿನ ಮೂಲೆಗೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ, ಇಬ್ಬರು ಹುಡುಗರು ಜಮಖಾನೆಯ ತುದಿ ಹಿಡಿದು ಝಾಡಿಸುತ್ತಿದ್ದಾರೆ. ಧೂಳು ಏಳುತ್ತದೆ, ಸೀನು ಬರುತ್ತದೆ, ನಗು ಬರುತ್ತದೆ.

“ಯಾಕ ಲೇಟ್ ಆತು?” ಬಾಗಿಲಲ್ಲಿ ನಿಂತ ಶಿಕ್ಷಕಿ, ಮಕ್ಕಳ ಅಕ್ಕೋರು, ಕೇಳುತ್ತಾರೆ.

“ನಳಾ ಬಂದಿತ್ರಿ ಅಕ್ಕೋರ. ನೀರ ತುಂಬಿ ಬಂದ್ಯಾ.”

ಅದಕ್ಕೆ ಮರುಮಾತಿಲ್ಲ. ದಿನಗಟ್ಟಲೆ ಕಾಯಿಸಿ ಬರುವ ನೀರಿನ ಮುಂದೆ ಯಾವ ಪಾಠವೂ ದೊಡ್ಡದಲ್ಲ ಎಂಬುದು ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮುಂದೆ ಗುರುತು ಬೀಳುತ್ತದೆ.

ಇಲ್ಲಿಗೆ ಬರುವವರ ಅಪ್ಪಂದಿರು ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಾರೆ, ಆಟೋ ಹೊಡೆಯುತ್ತಾರೆ, ದುರ್ಗದಬೈಲಿನಲ್ಲಿ ಗಾಡಿ ಹಚ್ಚುತ್ತಾರೆ. ಅವ್ವಂದಿರು ಮೂರು ಮನೆ ಮುಸುರೆ ತಿಕ್ಕಿ, ನಾಲ್ಕನೆಯದಾಗಿ ತಮ್ಮ ಮನೆಗೆ ಬರುತ್ತಾರೆ. ಮನೆಯೆಂದರೆ ಒಂದು ಕೋಣೆ. ಒಲೆ, ಟಿವಿ, ಮಲಗುವ ಅಜ್ಜ ಎಲ್ಲ ಅದರಲ್ಲೇ. ಓದಲು ಎಲ್ಲಿ ಕೂರುತ್ತೀ ಎಂದು ಒಬ್ಬನನ್ನು ಕೇಳಿದರೆ “ಬಾಗಲದಾಗ್ರಿ” ಎಂದ. ಯಾರಾದರೂ ಒಳಗೆ ಹೊರಗೆ ಹೋಗುವಾಗೆಲ್ಲ ಪುಸ್ತಕ ಎತ್ತಿಕೊಂಡು ಏಳಬೇಕು. ಇಲ್ಲಿ ಏಳಬೇಕಾಗಿಲ್ಲ. ಸಂಜೆ ಶಾಲೆ ಮೊದಲು ಕೊಡುವುದು ಪಾಠವನ್ನಲ್ಲ, ಎರಡು ತಾಸು ಕದಲದೆ ಕೂರುವ ಜಾಗ ಮತ್ತು ನೆತ್ತಿಯ ಮೇಲೊಂದು ಟ್ಯೂಬ್‌ಲೈಟ್.

ಅದಕ್ಕೂ ಮೊದಲು ತಿನ್ನಲು ಏನಾದರೂ ಕೊಡಬೇಕು. ಶಾಲೆಯ ಬಿಸಿಯೂಟ ಆಗಿ ಎಷ್ಟೋ ಹೊತ್ತಾಗಿರುತ್ತದೆ, ಹಸಿದ ಮಗುವಿಗೆ ಭಾಗಾಕಾರ ಹತ್ತುವುದಿಲ್ಲ. ಚರ್ಚಿನ ಹೆಂಗಸರು ಪಾಳಿ ಹಾಕಿಕೊಂಡಿದ್ದಾರೆ. ಇಂದು ಚುರುಮುರಿ ಸುಸಲಾ. ಒಗ್ಗರಣೆಯ ಸಾಸಿವೆ, ಹಸಿಮೆಣಸಿನ ಘಾಟು ಹಾಲಿನ ತುಂಬ ಹರಡಿದೆ. ಕಾಗದದ ತಟ್ಟೆಯಲ್ಲಿ ಪುಟಾಣಿ ಪುಡಿ ಉದುರಿಸಿದ ಸುಸಲಾ, ಮೇಲೆ ನಾಲ್ಕು ಎಸಳು ಕೊತ್ತಂಬರಿ. ಸೊಂಟದ ಮೇಲೆ ಬಂದ ತಮ್ಮನಿಗೂ ಒಂದು ತಟ್ಟೆ. ಅವನು ವಿದ್ಯಾರ್ಥಿಯಲ್ಲ, ಆದರೆ ಅವನನ್ನು ಬಿಟ್ಟು ಬಾ ಎಂದರೆ ಅಕ್ಕನೂ ಬರುವುದಿಲ್ಲ. ಆದ್ದರಿಂದ ಅವನಿಗೊಂದು ಪಾಟಿ, ತುಂಡು ಬಳಪ. ಅವನು ಗೀಚಿದ್ದೆಲ್ಲ ರೈಲುಗಾಡಿಯೇ.

ತಿಂದು ಕೈ ತೊಳೆದ ಮೇಲೆ ಮಕ್ಕಳು ಕೂರುವ ರೀತಿ ಹೊಸಬರಿಗೆ ಗೊಂದಲವೆನಿಸಬಹುದು. ಏಳನೇ ಇಯತ್ತೆಯ ಮೀಸೆ ಚಿಗುರುತ್ತಿರುವ ಹುಡುಗನ ಪಕ್ಕ ನಾಲ್ಕನೆಯದರ ಹುಡುಗಿ. ಇಲ್ಲಿ ಗುಂಪು ಮಾಡುವುದು ತರಗತಿ ನೋಡಿ ಅಲ್ಲ, ಓದು ನೋಡಿ. ಮೊದಲ ದಿನ ಮಗುವಿನ ಕೈಗೆ ನಾಲ್ಕು ಚೀಟಿ ಕೊಡುತ್ತಾರೆ: ಒಂದರಲ್ಲಿ ಅಕ್ಷರ, ಒಂದರಲ್ಲಿ ಪದ, ಒಂದರಲ್ಲಿ ನಾಲ್ಕು ಸಾಲು, ಇನ್ನೊಂದರಲ್ಲಿ ಚಿಕ್ಕ ಕಥೆ. ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿಂದ ಪಾಠ ಶುರು. 2005ರಿಂದ ‘ಪ್ರಥಮ್’ ಸಂಸ್ಥೆ ದೇಶದ ಹಳ್ಳಿಹಳ್ಳಿಗಳಲ್ಲಿ ನಡೆಸುತ್ತ ಬಂದಿರುವ ‘ಅಸರ್’ ಸಮೀಕ್ಷೆಯ ಅಳತೆಗೋಲು ಇದೇ. ಐದನೇ ತರಗತಿಗೆ ಬಂದರೂ ಎರಡನೆಯದರ ಪಾಠ ಓದಲಾಗದ ಮಕ್ಕಳು ಬಹಳ ಎಂದು ಆ ವರದಿ ಮತ್ತೆಮತ್ತೆ ಹೇಳಿದೆ. ಶಾಲೆಯಲ್ಲಿ ಇಂಥ ಮಗು ಹಿಂದಿನ ಸಾಲಿನಲ್ಲಿ ಮುಖ ತಗ್ಗಿಸಿ ವರ್ಷ ಕಳೆದುಬಿಡುತ್ತದೆ. ಇಲ್ಲಿ ತಗ್ಗಿಸುವಂತಿಲ್ಲ, ಏಕೆಂದರೆ ಎದುರಿಗೆ ಕೂತವರು ಆರೇ ಮಂದಿ.

ಗಣಿತದ ಗುಂಪಿನ ಗೋಡೆಗೆ ಹಳೆಯ ಮರದ ಹಲಗೆಯೊಂದು ಒರಗಿದೆ. ಭಾನುವಾರದ ಆರಾಧನೆಗೆ ಕೀರ್ತನೆಗಳ ಸಂಖ್ಯೆ ತೋರಿಸುತ್ತಿದ್ದ ಹಲಗೆ. ಪ್ರಾರ್ಥನಾಲಯಕ್ಕೆ ಹೊಸದು ಬಂದ ಮೇಲೆ ಇದಕ್ಕೆ ಸಂಜೆ ಶಾಲೆಯ ಕೆಲಸ ಸಿಕ್ಕಿದೆ. ಅಕ್ಕೋರು ಅದರ ಕಿಂಡಿಗಳಲ್ಲಿ ಅಂಕಿಗಳನ್ನು ಸರಿಸುತ್ತಾರೆ: 4, 1, 2. “ನಾಕರಿಂದ ಭಾಗಸು.” ಗಾಡಿಯಲ್ಲಿ ಕಾಯಿಪಲ್ಲೆ ಮಾರುವವರ ಮಗ ಮುಂದೆ ಬಂದು ಪಕ್ಕದ ಬೋರ್ಡಿನ ಮೇಲೆ ಬರೆಯುತ್ತಾನೆ. ನಾಕೊಂದಲೆ ನಾಕು. ಒಂದು ಇಳಿಸಿದ, ಹೋಗುವುದಿಲ್ಲ, ಎರಡನ್ನೂ ಇಳಿಸಿದ. ನಾಕ ಮೂರಲೆ ಹನ್ನೆರಡು. ಉತ್ತರ 13.

ಅಕ್ಕೋರು ತಪ್ಪು ಅನ್ನಲಿಲ್ಲ. “ನಿಮ್ಮಪ್ಪನ ಗಾಡಿ ಮ್ಯಾಲ 412 ರೂಪಾಯಿ ವ್ಯಾಪಾರ ಆತು. ನಾಕ ಮಂದಿ ಹಂಚ್ಕೋಬೇಕು. ಒಬ್ಬೊಬ್ಬರಿಗೆ ಎಷ್ಟು?”

“ನೂರಾ ಮೂರು.” ರೆಪ್ಪೆ ಬಡಿಯುವಷ್ಟರಲ್ಲಿ ಉತ್ತರ.

“ಮತ್ತ ಇಲ್ಲೆ ಹದಿಮೂರು ಬರದೀಯಲ್ಲಪಾ?”

ಹುಡುಗ ಬೋರ್ಡು ನೋಡಿದ, ಬೆರಳು ಮಡಿಸಿದ, ಮತ್ತೆ ನೋಡಿದ. ಅಕ್ಕೋರು ಹಲಗೆಯ ಕೆಳಗಿನ ಡಬ್ಬಿಯಿಂದ ಅಂಕಿಗಳನ್ನು ತೆಗೆದು ಅವನ ಕೈಗೇ ಕೊಟ್ಟರು. ನೂರರ ಮನೆಯಲ್ಲಿ 1. ಬಿಡಿಯ ಮನೆಯಲ್ಲಿ 3. ನಡುವೆ ಒಂದು ಖಾಲಿ ಕಿಂಡಿ ಉಳಿಯಿತು. ಡಬ್ಬಿ ತಡಕಾಡಿ, ಅಂಚು ಸವೆದ ಸೊನ್ನೆಯೊಂದನ್ನು ಹುಡುಕಿ ತೆಗೆದು ತಾನೇ ಅಲ್ಲಿ ಕೂರಿಸಿದ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು.

ಈ ಹುಡುಗ ಒಬ್ಬನೇ ಅಲ್ಲ. ಕೋಲ್ಕತ್ತ, ದಿಲ್ಲಿಯ ಮಾರುಕಟ್ಟೆಗಳಲ್ಲಿ ಮಾರಾಟ ಮಾಡುವ ಮಕ್ಕಳ ಲೆಕ್ಕದ ಬಗ್ಗೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಗಿರಾಕಿಗೆ ಚಿಲ್ಲರೆ ಕೊಡುವಾಗ ತಪ್ಪದ ಮಕ್ಕಳು ಅಂಥದೇ ಲೆಕ್ಕ ಶಾಲೆಯ ಧಾಟಿಯಲ್ಲಿ ಬಂದರೆ ತೊಡರುತ್ತಾರೆ, ಶಾಲೆಯ ಲೆಕ್ಕ ಬಲ್ಲವರು ಸಂತೆಯ ಲೆಕ್ಕಕ್ಕೆ ತಡಬಡಿಸುತ್ತಾರೆ ಎಂದು ಅದು ತೋರಿಸಿತು. ಇದೇ ಇಬ್ಬರು ಮೊದಲು ಮುಂಬೈ, ವಡೋದರಾಗಳಲ್ಲಿ ‘ಬಾಲಸಖಿ’ಯರ ಕೆಲಸವನ್ನೂ ಅಳೆದು ನೋಡಿದ್ದರು. ಹಿಂದುಳಿದ ಮಕ್ಕಳನ್ನು ದಿನಕ್ಕೆರಡು ತಾಸು ಬೇರೆ ಕೂರಿಸಿ ಓದು, ಲೆಕ್ಕದ ಬುನಾದಿ ಹೇಳಿಕೊಡುವ ಅದೇ ನೆರೆಹೊರೆಯ ಯುವತಿಯರು ಅವರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹೆಚ್ಚು ಮುಂದೆ ಬಂದವರು ಎಲ್ಲರಿಗಿಂತ ಹಿಂದಿದ್ದ ಮಕ್ಕಳು. ದೊಡ್ಡ ಪದವಿ ಬೇಕಾಗಿಲ್ಲ, ಓಣಿಯ ಮಕ್ಕಳನ್ನು ಬಲ್ಲವರು ದಿನಾ ತಪ್ಪದೆ ಬಂದು ಕೂತರೆ ಸಾಕು ಎಂಬುದಕ್ಕೆ ಈ ಹಾಲಿನ ಅಕ್ಕೋರೂ ಸಾಕ್ಷಿ.

ಕಿಟಕಿ ಪಕ್ಕದ ಬೆಂಚುಗಳಲ್ಲಿ ಹತ್ತನೆಯವರು ಕೂತಿದ್ದಾರೆ. ಅಲ್ಲಿ ಮಾತು ಕಡಿಮೆ, ಹಾಳೆ ತಿರುವುವ ಸದ್ದು ಹೆಚ್ಚು. ನಿವೃತ್ತ ಹೈಸ್ಕೂಲು ಮಾಸ್ತರರು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಬಿಚ್ಚಿದ್ದಾರೆ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರುನೂರು ಎಂಬ ಲೆಕ್ಕ ಗೋಡೆಯ ಮೇಲೆಯೇ ಇದೆ. 2023–24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದ ಮೇಲೆ ಮೊದಲನೆಯದರಲ್ಲಿ ಹೋದವರು ಮನೆ ಹಿಡಿಯದೆ ಮರುವಾರವೇ ಈ ಬೆಂಚಿಗೆ ಬರುತ್ತಾರೆ. ಇಂಗ್ಲಿಷ್ ಪತ್ರಿಕೆಯ ಪತ್ರಲೇಖನವನ್ನು ಪಾಲಿಟೆಕ್ನಿಕ್ ಹುಡುಗನೊಬ್ಬ ಹೇಳಿಕೊಡುತ್ತಾನೆ. ಮೊದಲು ಅವನೂ ಇದೇ ಬೆಂಚಿನಲ್ಲಿ ಕೂತವನು. ಮಾಸ್ತರರಿಗೆ ಕೇಳಲು ಹೆದರುವ ಪ್ರಶ್ನೆಗಳೆಲ್ಲ ಅವನ ಪಾಲಿಗೆ ಬರುತ್ತವೆ.

ಓಣಿ ದಾಟಿದರೆ ಮುಖ್ಯರಸ್ತೆಯಲ್ಲಿ ಟ್ಯೂಶನ್ ಬೋರ್ಡುಗಳ ಸಾಲು. 2025ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ನೂರು ವಿದ್ಯಾರ್ಥಿಗಳಲ್ಲಿ ಸುಮಾರು 27 ಮಂದಿ ದುಡ್ಡು ಕೊಟ್ಟು ಹೊರಗೆ ಪಾಠ ಹೇಳಿಸಿಕೊಳ್ಳುತ್ತಾರೆ. ದುಡ್ಡಿಲ್ಲದ ಮನೆಗಳಲ್ಲಿ ಆ ಕೊರತೆಯನ್ನು ಓದಿದ ಅಪ್ಪ ಅವ್ವ ತುಂಬಬಹುದು, ಆದರೆ ಇಲ್ಲಿನ ಬಹಳ ಮನೆಗಳಲ್ಲಿ ಓದಲು ಹೊರಟವರಲ್ಲಿ ಈ ಮಗುವೇ ಮೊದಲು. “ಹೋಂವರ್ಕ್ ಮಾಡೀಯೇನು?” ಎಂದು ಕೇಳುವವರು ಬೇಕು, ಮಾಡಿದ್ದನ್ನು ತಿರುವಿ ನೋಡುವವರೂ ಬೇಕು. ಉಳ್ಳವರ ಮನೆಯಲ್ಲಿ ಲೆಕ್ಕಕ್ಕೇ ಬರದ ಈ ಸಣ್ಣ ಕೇಳಿಕೆಗೆ ಇಲ್ಲಿ ಇಬ್ಬರು ಮೂವರು ದಿನಾ ಸಂಜೆ ಮೀಸಲಿಡುತ್ತಾರೆ.

ಚರ್ಚಿಗೂ ಅಕ್ಷರಕ್ಕೂ ಹಳೆಯ ನಂಟು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ಪತ್ರಿಕೆ ನಡೆಸುತ್ತಿದ್ದ ರಾಬರ್ಟ್ ರೇಕ್ಸ್ ಸಂಡೇ ಸ್ಕೂಲ್ ತೆರೆದದ್ದು ವಾರವೆಲ್ಲ ದುಡಿಯುವ ಮಕ್ಕಳಿಗೆ ಬಿಡುವಿದ್ದ ಒಂದೇ ದಿನ ಓದು ಕಲಿಸಲು. ಬೈಬಲ್ಲಿನ ಜೊತೆಗೆ ಅಕ್ಷರಮಾಲೆಯೂ ಅಲ್ಲಿನ ಪಾಠವಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ ತಲುಪಿ, ಹೋದಲ್ಲೆಲ್ಲ ಶಾಲೆ ತೆರೆಯಿತು. ಈ ಹಾಲಿನ ಗೋಡೆಯ ಮೇಲೂ 1853ರಲ್ಲಿ ಬಂದು ಈ ಸೀಮೆಯಲ್ಲಿ ಓಡಾಡಿ, 1894ರಲ್ಲಿ ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟ ಕಿಟೆಲ್ಲರ ಪಟವಿದೆ. ಮಕ್ಕಳ ಬಾಯಲ್ಲಿ ಅವರು “ಗಡ್ಡದ ಸರ್”.

ಆ ಚರಿತ್ರೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಇಲ್ಲಿ ಯಾರೂ ಮುಚ್ಚಿಡುವುದಿಲ್ಲ. ಮಿಶನರಿಗಳು ಕಲಿಸಲು ಮಾತ್ರ ಬಂದವರಲ್ಲ. ಆದ್ದರಿಂದ ಚರ್ಚಿನವರು ಪುಕ್ಕಟೆ ಏನೇ ಕೊಟ್ಟರೂ ಓಣಿಯಲ್ಲಿ ಒಂದು ಅನುಮಾನ ಸುಳಿಯುತ್ತದೆ. 2022ರ ಕರ್ನಾಟಕದ ಮತಾಂತರ ತಡೆ ಕಾಯ್ದೆ ‘ಆಮಿಷ’ಗಳ ಪಟ್ಟಿಯಲ್ಲಿ ಧಾರ್ಮಿಕ ಸಂಸ್ಥೆಯ ಶಾಲೆ, ಕಾಲೇಜುಗಳ ಉಚಿತ ಶಿಕ್ಷಣವನ್ನೂ ಸೇರಿಸಿದ ಮೇಲಂತೂ ಸಭಾಪಾಲಕರು ಮತ್ತಷ್ಟು ಎಚ್ಚರ. ಪಾಠ ಪ್ರಾರ್ಥನಾಲಯದಲ್ಲಿ ನಡೆಯುವುದಿಲ್ಲ. ಶುರುವಿಗೆ ಪ್ರಾರ್ಥನೆಯಿಲ್ಲ, ಮಗ್ಗಿ ಇದೆ. ಹಾಲಿನ ಎರಡೂ ಬಾಗಿಲು ತೆರೆದೇ ಇರುತ್ತವೆ, ಯಾವ ಪಾಲಕರು ಯಾವಾಗ ಬಂದು ಕೂತರೂ ಸರಿ. ಒಂದು ಸಂಜೆ ಬುರ್ಖಾ ತೊಟ್ಟ ತಾಯಿಯೊಬ್ಬರು ಪಾಠ ಮುಗಿಯುವವರೆಗೂ ಕೂತು, ಏಳುವಾಗ ಚುರುಮುರಿಗೆ ಈರುಳ್ಳಿ ಹೆಚ್ಚಿಕೊಡಲು ತಾವೂ ಬರುವುದಾಗಿ ಹೇಳಿ ಹೋದರು. ಈಗ ಪಾಳಿಯಲ್ಲಿ ಅವರ ಹೆಸರೂ ಇದೆ.

ಖರ್ಚು ಎಲ್ಲಿಂದ? ಸುಗ್ಗಿ ಹಬ್ಬದ ಲಿಲಾವಿನಿಂದ. ಸಭೆಯವರು ಕಾಣಿಕೆಯಾಗಿ ತಂದ ಕುಂಬಳಕಾಯಿ, ಬಾಳೆಗೊನೆ, ಕೋಳಿ, ಕೇಕು ಎಲ್ಲವೂ ಅಂದು ಹರಾಜಿಗೆ ಬರುತ್ತವೆ. ಪೇಟೆಯಲ್ಲಿ ಕಡಿಮೆಗೆ ಸಿಗುವ ತೆಂಗಿನಕಾಯಿ ಪಂತಕ್ಕೆ ಬಿದ್ದವರ ಕೈಯಲ್ಲಿ ನೂರು ರೂಪಾಯಿ ದಾಟಿ ಏರುತ್ತದೆ. ಕೊಂಡವರು ಅದನ್ನೇ ಮರಳಿ ಕೊಟ್ಟು ಇನ್ನೊಮ್ಮೆ ಕೂಗಿಸುವುದೂ ಉಂಟು. ಆ ದುಡ್ಡಿನ ಒಂದು ಪಾಲು ನೋಟ್‌ಬುಕ್ಕು, ಕರೆಂಟ್ ಬಿಲ್ಲು, ಚುರುಮುರಿ ಆಗುತ್ತದೆ. ತಿಂಗಳ ಕೊನೆಗೆ ಕಡಿಮೆ ಬಿದ್ದರೆ ಮಾಸ್ತರರ ಪಿಂಚಣಿಯಿದೆ. ಅದರ ಲೆಕ್ಕವನ್ನು ಅವರು ಯಾರಿಗೂ ಕೊಡುವುದಿಲ್ಲ.

ಹಾಜರಿ ಪುಸ್ತಕದಲ್ಲಿ ಖಾಲಿ ಚೌಕಗಳೂ ಇವೆ. ಗೋವೆಗೆ ಗುಳೆ ಹೋದ ಕುಟುಂಬದ ಮಕ್ಕಳು. ಮನೆಗೆಲಸಕ್ಕೆ ಅವ್ವನ ಬದಲು ಹೋಗತೊಡಗಿದ ಎಂಟನೆಯ ಹುಡುಗಿ. ಮೂರು ದಿನ ಚೌಕ ಖಾಲಿ ಬಿದ್ದರೆ ಅಕ್ಕೋರು ಮನೆಗೇ ಹೋಗುತ್ತಾರೆ. ಕೆಲವೊಮ್ಮೆ ಮಗು ಮರಳುತ್ತದೆ, ಕೆಲವೊಮ್ಮೆ ಬಾಗಿಲಿಗೆ ಬೀಗ. ಶಾಲೆಯಲ್ಲಿ ಶಿಕ್ಷಕರ ಕೊರತೆ, ಮನೆಯಲ್ಲಿ ಕೂಲಿಯ ಕೊರತೆ ಎರಡನ್ನೂ ನೀಗಿಸುವುದು ಎರಡು ತಾಸಿನ ಹಾಲಿಗೆ ಆಗದ ಮಾತು. ಅಕ್ಕೋರು ಅಂಥ ಹೆಸರುಗಳನ್ನು ಹೊಡೆದುಹಾಕುವುದಿಲ್ಲ, ಹೊಸ ತಿಂಗಳಿಗೆ ಮತ್ತೆ ಬರೆದುಕೊಳ್ಳುತ್ತಾರೆ.

ಏಳಾಯಿತು. ಜಮಖಾನೆ ಸುತ್ತುವ ಗದ್ದಲದ ನಡುವೆ ಹೆಂಗಸೊಬ್ಬಳು ಗೇಟಿನಲ್ಲಿ ಮಗನ ಕೈ ಹಿಡಿದು ನಿಂತಿದ್ದಾಳೆ. ಸೆರಗಿನ ತುದಿ ಇನ್ನೂ ಒದ್ದೆ, ಕೆಲಸದ ಮನೆಯಿಂದ ನೇರ ಬಂದಿರಬೇಕು.

“ಇವನ್ನೂ ಕೂಡಿಸ್ಕೋರಿ ಅಕ್ಕಾರ. ಆರನೇತ್ತ ಅದಾನ್ರಿ. ಖರೇ ಹೇಳ್ಬೇಕಂದ್ರ ಓದಾಕ ಬರಂಗಿಲ್ರಿ.”

ಹುಡುಗ ಅವ್ವನ ಹಿಂದೆ ಸರಿದ.

“ಎಷ್ಟನೇತ್ತ ಅನ್ನೂದು ಆಮ್ಯಾಲ ನೋಡೋಣು,” ಎಂದು ಅಕ್ಕೋರು ಪುಸ್ತಕ ತೆರೆದು ಹೊಸ ಹೆಸರು ಬರೆದುಕೊಂಡರು. “ನಾಳೆ ಐದಕ್ಕ ಕಳಸ್ರಿ. ನಳಾ ಬಂದ್ರ ನೀರ ತುಂಬೇ ಬರಲಿ.”